ಅರ್ಥ ಓದಬೇಡ, ಅಕ್ಷರ ಓದು

‘ಅಧ್ಯಕ್ಷರ ಭಾಷಣ’ ಎಂದು ಅಚ್ಚಾಗಬೇಕಿದ್ದಲ್ಲಿ ‘ಅಧ್ಯಕರ ಭಾಷಣ’ ಎಂದು ಅಚ್ಚಾಗಿತ್ತು. ಎಲ್ಲೋ ಒಳಪುಟದ ಅಡಿಟಿಪ್ಪಣಿಯಲ್ಲಿ ಅಲ್ಲ. ಒಂದು ಸ್ಮರಣ ಸಂಚಿಕೆಯ ಮೊದಲ ಲೇಖನದ ತಲೆಬರಹದಲ್ಲಿ, ಮಾರುದೂರದಿಂದಲೂ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ. ಆ ಕರಡನ್ನು ನಾನು ಎರಡು ಸಲ ನೋಡಿದ್ದೆ. ನನ್ನ ಬಳಿಕ ಸಂಪಾದಕರು ನೋಡಿದ್ದರು; ಅಧ್ಯಕ್ಷರ ಕಡೆಯವರೊಬ್ಬರು ಬಂದು ಕೂತು ಓದಿ, ಸಹಿಯನ್ನೂ ಹಾಕಿ ಹೋಗಿದ್ದರು. ಕ ಅಕ್ಷರದ ಬುಡದಲ್ಲಿ ಇರಬೇಕಾಗಿದ್ದ ಷ ಒತ್ತು ಅಲ್ಲಿಲ್ಲವೆಂಬುದು ನಾಲ್ಕು ಓದಿನಲ್ಲಿ ಒಮ್ಮೆಯೂ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರತಿಗಳೆಲ್ಲ ಹಂಚಿಹೋದ ಮೇಲೆ, ಸಂಚಿಕೆಯನ್ನು ತಿರುವಿಹಾಕುತ್ತಿದ್ದ ಹೊರಗಿನವರೊಬ್ಬರು ಅದನ್ನು ತೋರಿಸಿದಾಗ ನನಗೆ ಆದ ನಾಚಿಕೆ ಇಂದಿಗೂ ಪೂರ್ತಿ ಆರಿಲ್ಲ.

ಮೈಸೂರಿನ ಒಂದು ಅಚ್ಚುಕೂಟದಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕರಡು ತಿದ್ದಿದವನು. ಕೆಲಸಕ್ಕೆ ಸೇರಿದಾಗ ಅಲ್ಲಿನ್ನೂ ಸೀಸದ ಮೊಳೆಗಳ ಕಾಲ. ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು, ಮೊಳೆಯ ಮೇಲಿನ ತಿರುಗುಮುರುಗು ಅಕ್ಷರಗಳನ್ನು ನಾವು ನೆಟ್ಟಗಿನ ಅಕ್ಷರಗಳನ್ನು ಓದುವಷ್ಟೇ ಸಲೀಸಾಗಿ ಓದಬಲ್ಲವರಾಗಿದ್ದವರು, ಮೊದಲ ವಾರವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ‘ಅರ್ಥ ಓದಬೇಡಪ್ಪಾ, ಅಕ್ಷರ ಓದು. ಅರ್ಥ ಓದೋಕೆ ಊರಲ್ಲಿ ಬೇಕಾದಷ್ಟು ಜನ ಇದಾರೆ.’ ಆ ಮಾತನ್ನು ಕಸುಬಿನ ಬುದ್ಧಿವಾದವೆಂದಷ್ಟೇ ಇಟ್ಟುಕೊಂಡಿದ್ದೆ. ಓದುವಾಗ ನಮ್ಮ ತಲೆಯೊಳಗೆ ಏನು ನಡೆಯುತ್ತದೆ ಎಂಬುದರ ಸುಳಿವೂ ಅದರಲ್ಲಿ ಇದೆಯೆಂದು ಹೊಳೆದದ್ದು ನಿವೃತ್ತನಾದ ಮೇಲೆ, ಎರಡನೆಯ ತರಗತಿಯಲ್ಲಿ ಓದುವ ಮೊಮ್ಮಗಳ ಪಕ್ಕದಲ್ಲಿ ಕೂತು ಅವಳ ಓದನ್ನು ಕೇಳಿಸಿಕೊಳ್ಳತೊಡಗಿದಾಗ.

ಕಳೆದ ನವರಾತ್ರಿಯಲ್ಲಿ ಅವಳನ್ನು ಮನೆಯ ಹತ್ತಿರದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಬಾಗಿಲ ಪಕ್ಕದಲ್ಲಿ ಪಾದರಕ್ಷೆಗಳನ್ನು ಇಲ್ಲಿಯೇ ಬಿಡಬೇಕೆಂದು ಹೇಳುವ ಫಲಕವೊಂದು ಇದೆ. ನಾನು ವರ್ಷಗಟ್ಟಲೆ ಅದರ ಮುಂದೆ ಚಪ್ಪಲಿ ಕಳಚಿದ್ದೇನೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಕೂಡಿಸುತ್ತ ‘ಪಾ... ದ... ರ... ಕೆ...’ ಎಂದು ನಿಂತು, ‘ತಾತ, ಪಾದರಕೆ ಅಂದ್ರೇನು?’ ಎಂದು ಕೇಳಿದಳು. ಹತ್ತಿರ ಹೋಗಿ ನೋಡಿದರೆ ಬಣ್ಣ ಬರೆದವರು ಷ ಒತ್ತನ್ನು ಬಿಟ್ಟಿದ್ದರು. ಅದೇ ಒತ್ತು! ಮೂವತ್ತು ವರ್ಷ ಕರಡು ತಿದ್ದಿದ ಕಣ್ಣು ಪ್ರತಿ ಸಲವೂ ತಪ್ಪಿಸಿಕೊಂಡದ್ದನ್ನು ಓದಲು ಇನ್ನೂ ಬಾರದ ಮಗು ಮೊದಲ ನೋಟದಲ್ಲೇ ಹಿಡಿದಿತ್ತು.

ಇದರಿಂದ ಸುಲಭವಾಗಿ ಎಳೆಯಬಹುದಾದ ತೀರ್ಮಾನವೆಂದರೆ, ಮಕ್ಕಳು ಅಕ್ಷರಗಳನ್ನು ಓದುತ್ತಾರೆ, ಪಳಗಿದವರು ಪದವನ್ನು ಇಡಿಯಾಗಿ ಒಂದು ಚಿತ್ರದಂತೆ ನೋಡುತ್ತಾರೆ ಎಂಬುದು. ಈ ನಂಬಿಕೆಗೆ ಹಳೆಯ ವಂಶಾವಳಿಯೇ ಇದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಪ್ರಯೋಗಶಾಲೆಯಲ್ಲಿ ದುಡಿದ ಅಮೆರಿಕದ ಜೇಮ್ಸ್ ಮೆಕೀನ್ ಕ್ಯಾಟೆಲ್, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಅಕ್ಷರಗಳನ್ನು ತೋರಿಸಿ ಮರೆಮಾಡಿದರೆ ಜನ ಏನನ್ನು ಗುರುತಿಸಬಲ್ಲರು ಎಂದು ಅಳೆದರು. ಸಂಬಂಧವಿಲ್ಲದ ಬಿಡಿ ಅಕ್ಷರಗಳಿಗಿಂತ ಪದವಾಗಿ ಕೂಡಿದ ಅಕ್ಷರಗಳನ್ನು ಜನ ಹೆಚ್ಚು ಸಲೀಸಾಗಿ ಗುರುತಿಸುತ್ತಾರೆಂದು 1886ರ ಹೊತ್ತಿಗೆ ಅವರು ತೋರಿಸಿದ್ದರು. ಅಕ್ಷರಕ್ಕಿಂತ ಪದವೇ ಬೇಗ ಕಾಣುವುದಾದರೆ ಪದವನ್ನು ಅಕ್ಷರಗಳಿಂದ ಗುರುತಿಸುವುದು ಹೇಗೆ ಸಾಧ್ಯ, ಅದರ ಹೊರಗೆರೆಯಿಂದಲೇ ಗುರುತಿಸುತ್ತಿರಬೇಕು ಎಂದು ಮುಂದಿನವರು ವಾದ ಬೆಳೆಸಿದರು. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೆಲವು ಮೇಲಕ್ಕೆ ಚಾಚುತ್ತವೆ, ಕೆಲವು ಕೆಳಕ್ಕೆ ಇಳಿಬೀಳುತ್ತವೆ; ಹಾಗಾಗಿ ಪ್ರತಿ ಪದಕ್ಕೂ ಬೆಟ್ಟಸಾಲಿನಂತೆ ಒಂದು ಏರಿಳಿತವಿರುತ್ತದೆ, ಓದುಗನಿಗೆ ಅಷ್ಟು ಸಾಕು ಎಂಬುದು ಅವರ ಎಣಿಕೆ.

ಕನ್ನಡ ಓದುವವನಿಗೆ ಈ ವಾದ ಮೊದಲಿನಿಂದಲೇ ಅಷ್ಟಾಗಿ ಒಗ್ಗುವುದಿಲ್ಲ. ನಮ್ಮ ಅಕ್ಷರಗಳಲ್ಲಿ ಹೆಚ್ಚಿನವು ಒಂದೇ ಎತ್ತರದ, ತಲೆಕಟ್ಟು ಹೊತ್ತ ದುಂಡುಮುಖಗಳು. ಬ ಮತ್ತು ಭ, ದ ಮತ್ತು ಧ, ಪ ಮತ್ತು ಫ ಇವುಗಳ ನಡುವಿನ ಅಂತರ ಹೊರಗೆರೆಯಲ್ಲಿ ಇಲ್ಲ, ಬುಡದ ಒಂದು ಸೀಳಿನಲ್ಲಿದೆ. ವ ಅಕ್ಷರದ ಬಲಕ್ಕೆ ಮಾಮೂಲಿ ಕೊಂಬನ್ನು ಅಂಟಿಸಿದರೆ ಅದು ಮ ಆಗಿ ಕಾಣುವುದರಿಂದಲೇ ವು ಬರೆಯುವಾಗ ಕೊಂಬನ್ನು ಕೆಳಕ್ಕೆ ಇಳಿಸುತ್ತೇವೆ. ಹೊರಗೆರೆಯನ್ನು ನೆಚ್ಚಿ ಕನ್ನಡ ಓದುವವನು ದಿನಕ್ಕೆ ನೂರು ಸಲ ಎಡವಬೇಕಾಗಿತ್ತು. ಅದೂ ಸಾಲದೆಂಬಂತೆ ನಾವು ಒಂದೇ ಪದವನ್ನು ಎರಡು ಬಗೆಯಲ್ಲಿ ಬರೆಯುತ್ತೇವೆ. ಕಾರ್ಯ ಎಂಬುದನ್ನು ಯ ಬರೆದು ಪಕ್ಕದಲ್ಲಿ ಅರ್ಕಾವೊತ್ತು ಹಾಕಿಯೂ ಬರೆಯಬಹುದು, ರ ಬರೆದು ಅದಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಎರಡರ ಚಿತ್ರವೂ ಬೇರೆಬೇರೆ. ಆದರೆ ಹಳೆಯ ಪುಸ್ತಕದಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಸಿಕ್ಕಿದಾಗ ಪದ ಬದಲಾಯಿತೆಂದು ಯಾರಿಗೂ ಅನ್ನಿಸುವುದಿಲ್ಲ. ತಲೆಯೊಳಗೆ ಇರುವುದು ಚಿತ್ರವೇ ಆಗಿದ್ದರೆ ಇದು ನಡೆಯುವಂಥದ್ದಲ್ಲ.

ಇಂಗ್ಲಿಷಿಗೂ ಆ ವಾದ ಹೊಂದಲಿಲ್ಲ. ಅಮೆರಿಕದ ಡೆನಿಸ್ ಪೆಲ್ಲಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದುಗರು ಜೀವಮಾನವಿಡೀ ಲಕ್ಷಾಂತರ ಸಲ ಕಂಡಿರುವ, ಅತ್ಯಂತ ಬಳಕೆಯ ಐದು ಮೂರಕ್ಷರದ ಪದಗಳನ್ನು ಕೂಡ, ಅವುಗಳ ಒಂದೊಂದು ಅಕ್ಷರವೂ ಪ್ರತ್ಯೇಕವಾಗಿ ಗುರುತಿಗೆ ಸಿಗುವಷ್ಟು ಸ್ಪಷ್ಟವಾಗಿಲ್ಲದಿದ್ದರೆ ಓದಲಾಗುವುದಿಲ್ಲ ಎಂದು ಕಂಡುಬಂತು. ಅಷ್ಟು ಪರಿಚಯದ ಪದವೂ ಇಡಿಯಾಗಿ ಒಲಿಯುವುದಿಲ್ಲ. ಅಕ್ಷರಗಳ ಬಾಗಿಲಿನಿಂದಲೇ ಒಳಗೆ ಬರಬೇಕು.

ಹಾಗಿದ್ದರೆ ಕ್ಯಾಟೆಲ್ ಕಂಡದ್ದೇನು? ಅದಕ್ಕೆ ಒಳ್ಳೆಯ ಉತ್ತರದ ದಾರಿ ಸಿಕ್ಕಿದ್ದು 1969ರಲ್ಲಿ, ಜೆರಾಲ್ಡ್ ರೈಕರ್ ಎಂಬವರ ಜಾಣ ಪ್ರಯೋಗದಿಂದ. ಅವರು ಇಂಗ್ಲಿಷಿನ ‘ವರ್ಕ್’ನಂತಹ ನಾಲ್ಕಕ್ಷರದ ಪದವೊಂದನ್ನು ಕ್ಷಣಮಾತ್ರ ಮಿಂಚಿಸಿ ಮರೆಮಾಡಿ, ಕೊನೆಯ ಅಕ್ಷರ ಕೆ ಆಗಿತ್ತೋ ಡಿ ಆಗಿತ್ತೋ ಎಂದು ಕೇಳಿದರು. ಕೆ ಬಂದರೂ ಪದವೇ, ಡಿ ಬಂದರೆ ‘ವರ್ಡ್’, ಅದೂ ಪದವೇ. ಆದ್ದರಿಂದ ಊಹೆಯಿಂದ ಗೆಲ್ಲುವಂತಿಲ್ಲ. ಆದರೂ ಅಕ್ಷರವೊಂದನ್ನೇ ಒಂಟಿಯಾಗಿ ತೋರಿಸಿದಾಗ ಇಲ್ಲವೇ ಅರ್ಥವಿಲ್ಲದ ಅಕ್ಷರಗುಂಪಿನಲ್ಲಿ ತೋರಿಸಿದಾಗ ಸಿಕ್ಕಿದ್ದಕ್ಕಿಂತ ಹೆಚ್ಚು ಸರಿಯುತ್ತರಗಳು ಪದದೊಳಗೆ ತೋರಿಸಿದಾಗ ಬಂದವು. ನಾಲ್ಕು ಅಕ್ಷರ ನೋಡುವುದು ಒಂದನ್ನು ನೋಡುವುದಕ್ಕಿಂತ ಸುಲಭವೆಂದರೆ ನಂಬಲಾಗದ ಮಾತು. 1981ರಲ್ಲಿ ಜೇಮ್ಸ್ ಮೆಕ್‌ಲೆಲಂಡ್ ಮತ್ತು ಡೇವಿಡ್ ರೂಮೆಲ್‌ಹಾರ್ಟ್ ಇದನ್ನು ವಿವರಿಸಲು ಒಂದು ಲೆಕ್ಕದ ಮಾದರಿಯನ್ನು ಕಟ್ಟಿದರು. ಅದರ ಪ್ರಕಾರ ಗೆರೆಗಳು ಅಕ್ಷರವನ್ನು ಎಚ್ಚರಿಸುತ್ತವೆ, ಅಕ್ಷರಗಳು ತಮ್ಮನ್ನು ಒಳಗೊಂಡ ಪದಗಳನ್ನು ಎಚ್ಚರಿಸುತ್ತವೆ, ಅರೆ ಎಚ್ಚರಗೊಂಡ ಪದವು ತಿರುಗಿ ತನ್ನ ಅಕ್ಷರಗಳಿಗೆ ಬಲ ತುಂಬುತ್ತದೆ. ಎಲ್ಲವೂ ಒಟ್ಟೊಟ್ಟಿಗೆ, ಸೆಕೆಂಡಿನ ಸಣ್ಣ ಪಾಲಿನಲ್ಲಿ. ಇದು ನಮ್ಮ ಮದುವೆ ಮನೆಗಳ ಮುಯ್ಯಿಯ ಹಾಗೆ: ಅಕ್ಷರಗಳು ಕೊಟ್ಟದ್ದನ್ನು ಪದ ಇಟ್ಟುಕೊಳ್ಳದೆ ಅಕ್ಷರಗಳಿಗೇ ಹಿಂದಿರುಗಿಸುತ್ತದೆ, ಒಮ್ಮೊಮ್ಮೆ ಬಂದದ್ದಕ್ಕಿಂತ ಹೆಚ್ಚಾಗಿಯೇ.

ಆ ಹೆಚ್ಚಾಗಿ ಬಂದ ಮುಯ್ಯಿಯೇ ‘ಅಧ್ಯಕರ ಭಾಷಣ’ದಲ್ಲಿ ನನ್ನನ್ನು ಕೆಡಿಸಿದ್ದು. ಅ, ಧ್ಯ, ಕ, ರ ಇಷ್ಟೂ ಅಕ್ಷರಗಳು ತಮ್ಮ ಪಾಲಿನ ಸಾಕ್ಷಿ ಹೇಳಿದ್ದವು. ಕನ್ನಡದಲ್ಲಿ ಅವಕ್ಕೆಲ್ಲ ಹೊಂದುವ ಪದ ಒಂದೇ, ಪಕ್ಕದಲ್ಲಿ ‘ಭಾಷಣ’ವೂ ಕೂತಿತ್ತು. ಎಚ್ಚರಗೊಂಡ ಪದ ತನ್ನ ಎಲ್ಲ ಅಂಗಗಳಿಗೂ ಬಲ ಹಂಚುವಾಗ ಇಲ್ಲದ ಒತ್ತಿಗೂ ಹಂಚಿತು. ನಾನು ಅಕ್ಷರ ಓದದೆ ಪದ ಓದಿದ್ದರಿಂದ ತಪ್ಪಾಯಿತೆಂದು ಬಹುಕಾಲ ನಂಬಿದ್ದೆ. ಈಗ ತೋರುವುದು ಬೇರೆ: ಅಕ್ಷರಗಳನ್ನೇ ಓದಿದ್ದೆ, ಆದರೆ ಓದಿ ಮುಗಿಸುವ ಮೊದಲೇ ಪದ ಬಂದು ಬಾಕಿಯನ್ನು ತಾನೇ ತುಂಬಿಬಿಟ್ಟಿತ್ತು.

ಬೀಳುವುದು ಒತ್ತುಗಳೇ ಏಕೆ ಎಂಬುದಕ್ಕೂ ಕಣ್ಣಿನ ನಡಿಗೆಯಲ್ಲಿ ಒಂದಿಷ್ಟು ಕಾರಣವಿದೆಯೆಂದು ಕಾಣುತ್ತದೆ. ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಕುಪ್ಪಳಿಸಿ ನಿಂತು, ಮತ್ತೆ ಕುಪ್ಪಳಿಸುತ್ತದೆ. ಪ್ಯಾರಿಸಿನ ಕಣ್ಣಿನ ವೈದ್ಯ ಎಮಿಲ್ ಜಾವಾಲ್ 1879ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. (ಓದುವ ಕಣ್ಣಿಗಾಗಿ ಬಾಳು ಸವೆಸಿದ ಅದೇ ಜಾವಾಲ್ ಕೊನೆಗಾಲದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡರು.) ಇಂಗ್ಲಿಷ್ ಓದುಗರ ಕಣ್ಣು ಒಂದೊಂದು ನಿಲುಗಡೆಯಲ್ಲಿ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಏಳೆಂಟು ಅಕ್ಷರಗಳಷ್ಟು ಮುಂದಕ್ಕೆ ಹಾರುತ್ತದೆ, ನಿಂತಲ್ಲಿಂದ ಎಡಕ್ಕೆ ಮೂರು ನಾಲ್ಕು ಅಕ್ಷರಗಳನ್ನೂ ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳವರೆಗೂ ಏನಾದರೊಂದು ಸುಳಿವನ್ನು ಹೆಕ್ಕುತ್ತದೆ ಎಂದು ಕೀತ್ ರೇನರ್ ಮತ್ತವರ ಜೊತೆಗಾರರು 1975ರಿಂದ ಮುಂದಕ್ಕೆ ಅಳೆದು ತೋರಿಸಿದರು. ಬಲದಿಂದ ಎಡಕ್ಕೆ ಸಾಗುವ ಹೀಬ್ರೂ ಓದುವವರಲ್ಲಿ ಈ ಏರುಪೇರು ತಿರುವುಮುರುವಾಗುತ್ತದೆ. ನಿಚ್ಚಳವಾಗಿ ಕಾಣುವುದು ನಟ್ಟನಡುವಿನ ಸ್ವಲ್ಪ ಜಾಗ ಮಾತ್ರ. ಅಂಚಿಗೆ ಹೋದಂತೆ ಒತ್ತೊತ್ತಾಗಿರುವ ಗೆರೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ನಮ್ಮ ಒತ್ತಕ್ಷರವೋ ಗಾತ್ರದಲ್ಲಿ ಚಿಕ್ಕದು, ದೊಡ್ಡಕ್ಷರದ ಬುಡಕ್ಕೆ ಅಂಟಿಕೊಂಡದ್ದು, ಅಗ್ಗದ ಕಾಗದದ ಮೇಲೆ ಮಸಿ ಹರಡಿದರೆ ಮೊದಲು ಕೆಡುವಂಥದ್ದು. ಕಣ್ಣು ಅದನ್ನು ನೋಡುವುದಕ್ಕಿಂತ ನಂಬುವುದೇ ಹೆಚ್ಚು. ಕರಡಿನಲ್ಲಿ ನಾನು ತಪ್ಪಿಸಿಕೊಂಡ ತಪ್ಪುಗಳ ಲೆಕ್ಕವಿಟ್ಟಿದ್ದರೆ ಅದರಲ್ಲಿ ದೊಡ್ಡ ಪಾಲು ಒತ್ತುಗಳದ್ದೇ ಆಗಿರುತ್ತಿತ್ತು.

ಮೊಮ್ಮಗಳ ಕಷ್ಟ ಇದಕ್ಕೆ ತದ್ವಿರುದ್ಧ. ಅವಳಿಗೆ ಒತ್ತು ಚೆನ್ನಾಗಿಯೇ ಕಾಣುತ್ತದೆ, ಅದನ್ನು ಎಲ್ಲಿ ಇಡಬೇಕೆಂಬುದು ತಿಳಿಯುವುದಿಲ್ಲ. ‘ಶಕ್ತಿ’ಯನ್ನು ಅವಳು ಬಹಳ ದಿನ ‘ಶಕಿತ’ ಎಂದೇ ಓದಿದಳು, ನಾನು ತಿದ್ದುತ್ತಲೇ ಇದ್ದೆ. ಒಂದು ದಿನ ಆ ಪದವನ್ನು ಅವಳ ಕಣ್ಣಿನಿಂದ ನೋಡಿದಾಗ ಅವಳು ಹೇಳುತ್ತಿದ್ದುದೇ ಸರಿಯೆನ್ನಿಸಿತು. ಕಿವಿಗೆ ಕೇಳುವ ಕ್ರಮ ಶ, ಕ್, ತ್, ಇ. ಹಾಳೆಯ ಮೇಲೆ ಕಾಣುವುದು ಶ, ಆಮೇಲೆ ಗುಡಿಸು ಹೊತ್ತ ಕಿ, ಅದರ ಬುಡದಲ್ಲಿ ತ ಒತ್ತು. ಗುಡಿಸು ಸೇರಬೇಕಾದದ್ದು ತಕಾರಕ್ಕೆ, ಏರಿ ಕೂತಿರುವುದು ಕಕಾರದ ತಲೆಯ ಮೇಲೆ. ‘ಕರ್ನಾಟಕ’ದಲ್ಲಂತೂ ಬಾಯಲ್ಲಿ ಮೊದಲು ಬರುವ ರ್ ಬರಹದಲ್ಲಿ ನಾ ಕಳೆದ ಮೇಲೆ ಬರುತ್ತದೆ. ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದಿದ ಮಗು ‘ಕನಾರ್‌ಟಕ’ ಎಂದರೆ ತಪ್ಪು ಮಗುವಿನದೆಂದು ಹೇಗೆ ಹೇಳುವುದು? ಹೆಸರುವಾಸಿ ನಾಡಿನ ಹೆಸರನ್ನೇ ನಾವು ಹಿಂದುಮುಂದಾಗಿ ಬರೆಯುತ್ತಿದ್ದೇವೆ, ಓದುವಾಗ ಸದ್ದಿಲ್ಲದೆ ಸರಿಮಾಡಿಕೊಳ್ಳುತ್ತಿದ್ದೇವೆ.

ಕಂಪ್ಯೂಟರಿನಲ್ಲಿ ಕನ್ನಡ ಜೋಡಿಸುವವರಿಗೆ ಈ ಗುಟ್ಟು ಗೊತ್ತು. ಯೂನಿಕೋಡ್ ಪದ್ಧತಿಯಲ್ಲಿ ‘ಶಕ್ತಿ’ ಒಳಗೆ ಉಚ್ಚಾರದ ಕ್ರಮದಲ್ಲೇ ಇರುತ್ತದೆ; ಪರದೆಯ ಮೇಲೆ ತೋರಿಸುವ ಹೊತ್ತಿಗೆ ಫಾಂಟಿನ ನಿಯಮಗಳು ಗುಡಿಸನ್ನು ಕಕಾರಕ್ಕೆ ಏರಿಸಿ ತಕಾರವನ್ನು ಕೆಳಗಿಳಿಸುತ್ತವೆ. ಓದುಗನ ತಲೆ ಅದೇ ಕೆಲಸವನ್ನು ತಿರುವುಮುರುವಾಗಿ ಮಾಡಬೇಕು: ಮೇಲಿರುವುದನ್ನು ಇಳಿಸಿ, ಕೆಳಗಿರುವುದನ್ನು ಎತ್ತಿ, ಬಲದಲ್ಲಿರುವುದನ್ನು ಎಡಕ್ಕೆ ತಂದು, ಆಮೇಲೆ ಪದಕ್ಕೆ ಕೊಡಬೇಕು. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ ಕಾಗುಣಿತವೊಂದರಲ್ಲೇ 442 ಅಕ್ಷರಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಕೆಲವು ತಿಂಗಳಲ್ಲಿ ಗುರುತಿಸಬಹುದು. ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ ಅವರ 2007ರ ಪ್ರಬಂಧ, ಇಲ್ಲಿ ಅಕ್ಷರಗಳ ಕಲಿಕೆಯೇ ನಾಲ್ಕನೆಯ ತರಗತಿಯವರೆಗೂ ಎಳೆಯುತ್ತದೆ ಎಂದು ತೋರಿಸಿದೆ. ಎರಡನೆಯ ತರಗತಿಯ ಹುಡುಗಿಗೆ ‘ಇನ್ನೂ ಓದಲು ಬರುವುದಿಲ್ಲವೇ’ ಎಂದು ಗದರುವ ಮನೆಗಳಲ್ಲಿ ಈ ಸಂಗತಿ ತಿಳಿದಿದ್ದರೆ ಒಳ್ಳೆಯದಿತ್ತು. ನಮ್ಮ ಮನೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹಾಗಾದರೆ ಅಕ್ಷರದಿಂದ ಸದ್ದು, ಸದ್ದಿನಿಂದ ಪದ ಎಂಬಷ್ಟು ನೇರವೇ ದಾರಿ? ಅದೂ ಅಲ್ಲವೆನ್ನುವುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಹೆಚ್ಚಿನ ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣಗಳನ್ನು ಉಚ್ಚರಿಸುವುದಿಲ್ಲ, ಶ ಮತ್ತು ಷ ಎರಡನ್ನೂ ಒಂದೇ ಬಗೆಯಲ್ಲಿ ನುಡಿಯುತ್ತಾರೆ, ಆದ್ದರಿಂದ ಬರಹದಲ್ಲೂ ಅವು ಬೇಡವೆಂದು ವಾದಿಸಿದರು; ತಮ್ಮ ಹೊಸ ಬರಹದಲ್ಲಿ ಹಾಗೆಯೇ ಬರೆದರು. ಅವರ ವಾದದ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ಆ ಬರಹವನ್ನು ಮೊದಲ ಸಲ ಓದಿದಾಗ ಆದ ಅನುಭವ ಮಾತ್ರ ಹೇಳಬೇಕು. ನಾನು ಬಾಯಲ್ಲಿ ‘ಬಾಶೆ’ ಎಂದೇ ಅನ್ನುವವನು, ಕೇಳುವಾಗಲೂ ಹಾಗೆ ಕೇಳಿ ತಕ್ಷಣ ತಿಳಿಯುವವನು. ಆದರೆ ಹಾಳೆಯ ಮೇಲೆ ‘ಬಾಶೆ’ಯನ್ನು ಕಂಡಾಗ ಕಣ್ಣು ಮುಗ್ಗರಿಸಿತು. ಒಂದು ಕ್ಷಣ ಮನಸ್ಸಿನಲ್ಲೇ ಉಚ್ಚರಿಸಿಕೊಂಡ ಮೇಲಷ್ಟೇ ಅರ್ಥ ಹತ್ತಿತು, ಮೊಮ್ಮಗಳು ಓದುವ ಹಾಗೆ. ಸದ್ದು ಒಂದೇ ಇದ್ದರೂ ಭ ಮತ್ತು ಷ ಇರುವ ಅಕ್ಷರಸರಣಿಯೊಂದನ್ನು ನನ್ನ ಕಣ್ಣು ಬೇರೆಯಾಗಿಯೇ ಕೂಡಿಟ್ಟುಕೊಂಡಿತ್ತು. ಎಂದೂ ನುಡಿಯದ ಮಹಾಪ್ರಾಣಗಳನ್ನು ಎಂದೂ ಬಿಡದೆ ನೋಡುತ್ತ ಬಂದಿದ್ದೇನೆಂದು ಆಗ ಗೊತ್ತಾಯಿತು. ಕೆಲವು ಪುಟ ಓದುವಷ್ಟರಲ್ಲಿ ಕಣ್ಣು ಒಗ್ಗಿಕೊಂಡಿತೆಂಬುದನ್ನೂ ಹೇಳದಿದ್ದರೆ ಅನ್ಯಾಯ.

ಅಕ್ಷರಗಳು ಎಲ್ಲಿದ್ದರೂ ಆಗುತ್ತದೆ, ಮೊದಲನೆಯದೂ ಕೊನೆಯದೂ ಸರಿಯಿದ್ದರೆ ಸಾಕು ಎಂಬ ಮಾತು 2003ರಿಂದ ಮಿಂಚಂಚೆಗಳಲ್ಲಿ ಸುತ್ತುತ್ತಿದೆ, ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆಯೆಂಬ ಮೊಹರಿನೊಂದಿಗೆ. ಅಂಥ ಸಂಶೋಧನೆ ಅಲ್ಲಿ ನಡೆದಿರಲಿಲ್ಲ; ಆ ವಿಚಾರದ ಹಳೆಯ ಬೇರು ನಾಟಿಂಗ್‌ಹ್ಯಾಮಿನಲ್ಲಿ ಗ್ರಹಾಂ ರಾಲಿನ್‌ಸನ್ 1976ರಲ್ಲಿ ಬರೆದ ಪಿಎಚ್.ಡಿ. ಪ್ರಬಂಧದಲ್ಲಿತ್ತು. ರೇನರ್ ಮತ್ತಿತರರು 2006ರಲ್ಲಿ ಅಳೆದಾಗ, ಪದದ ನಡುವಿನ ಅಕ್ಷರಗಳನ್ನು ಅದಲುಬದಲು ಮಾಡಿದರೂ ಓದಿನ ವೇಗ ಶೇ. 11ರಷ್ಟು ಕುಗ್ಗಿತು, ಪದದ ಆರಂಭದಲ್ಲಿ ಮಾಡಿದರೆ ಶೇ. 36ರಷ್ಟು. ಕನ್ನಡದಲ್ಲಿ ಆಟವಾಡಿ ನೋಡಿದೆ. ‘ಬೆಂಗಳೂರು’ ಪದದ ನಡುವಿನ ಎರಡು ಅಕ್ಷರಗಳನ್ನು ಗುಣಿತದ ಸಮೇತ ಬದಲಿಸಿದರೆ ‘ಬೆಂಳೂಗರು’. ಗುಣಿತಚಿಹ್ನೆಗಳನ್ನು ಇದ್ದಲ್ಲೇ ಬಿಟ್ಟು ವ್ಯಂಜನ ಮಾತ್ರ ಬದಲಿಸಿದರೆ ‘ಬೆಂಳಗೂರು’. ಎರಡನೆಯದು ನನಗೆ ಬೇಗ ಬಿಡಿಸಿಕೊಳ್ಳುತ್ತದೆ. ಯಾರಾದರೂ ಸರಿಯಾಗಿ ಪರೀಕ್ಷಿಸಲು ಯೋಗ್ಯವಾದ ಪ್ರಶ್ನೆಯಿದು. ಒಬ್ಬ ಮುದುಕನ ಕಣ್ಣು ಪ್ರಮಾಣವಲ್ಲ.

ಅಕ್ಷರ ಗುರುತಿಸುವ ಈ ಕೆಲಸಕ್ಕೆ ಮಿದುಳಿನಲ್ಲಿ ತನ್ನದೇ ಜಾಗವಿದೆ ಎಂಬುದಕ್ಕೆ ಹಳೆಯದೊಂದು ಸಾಕ್ಷಿ ಒದಗಿಸಿದವರು ಪ್ಯಾರಿಸಿನ ಒಬ್ಬ ವ್ಯಾಪಾರಿ. 1887ರಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಅವರಿಗೆ ಒಂದು ಪದವನ್ನೂ ಓದಲಾಗಲಿಲ್ಲ. ಮಾತು ಸರಿಯಿತ್ತು, ಬರೆಯುವ ಕೈ ಸರಿಯಿತ್ತು. ಆದರೆ ತಾವೇ ಬರೆದದ್ದನ್ನು ತಿರುಗಿ ಓದಲು ಬಾರದು. ಅಕ್ಷರದ ಮೈಮೇಲೆ ಬೆರಳಾಡಿಸಿದರೆ ಮಾತ್ರ ಅದು ಯಾವುದೆಂದು ಹೊಳೆಯುತ್ತಿತ್ತು. ಅವರನ್ನು ಪರೀಕ್ಷಿಸಿದ ಜೂಲ್ಸ್ ಡೆಜೆರಿನ್ 1892ರಲ್ಲಿ ಆ ಪ್ರಕರಣವನ್ನು ಪ್ರಕಟಿಸಿದರು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಲೊರಾನ್ ಕೊಹೆನ್, ಸ್ತಾನಿಸ್ಲಾಸ್ ದೆಹೇನ್ ಮತ್ತಿತರರು, ಓದು ಬಲ್ಲವರ ಮಿದುಳಿನ ಎಡಭಾಗದ ತಳದಲ್ಲಿ ಅಕ್ಷರಸರಣಿಗೆ ಮಿಡಿಯುವ ಒಂದು ತಾಣವನ್ನು ಗುರುತಿಸಿದರು. ಬೆರಳಾಡಿಸಿ ಅಕ್ಷರ ಕಂಡುಕೊಳ್ಳುತ್ತಿದ್ದ ಆ ವ್ಯಾಪಾರಿಯನ್ನು ನೆನೆದಾಗಲೆಲ್ಲ ನನಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಹಳೆಯ ಮಠಗಳು ಕಣ್ಣಿಗೆ ಕಟ್ಟುತ್ತವೆ.

ಅಚ್ಚುಕೂಟದಲ್ಲಿ ನಾವು ಮಾಡುತ್ತಿದ್ದ ಉಪಾಯಗಳೆಲ್ಲ ಪದದ ಮುಯ್ಯಿಯನ್ನು ತಡೆಯುವ ಉಪಾಯಗಳೇ ಆಗಿದ್ದವೆಂದು ಈಗ ಅರ್ಥವಾಗುತ್ತದೆ. ಸಾಲಿನ ಮೇಲೆ ಕಾರ್ಡಿಟ್ಟು ಮುಂದಿನದನ್ನು ಮುಚ್ಚುವುದು, ಪುಟವನ್ನು ಕೊನೆಯ ಪದದಿಂದ ಹಿಂದಕ್ಕೆ ಓದುತ್ತ ಬರುವುದು, ಒಬ್ಬರು ಮೂಲಪ್ರತಿಯನ್ನು ‘ಕಕ್ಕೆ ಷ ಒತ್ತು, ರ’ ಎಂದು ಬಿಡಿಸಿ ಹೇಳುವಾಗ ಇನ್ನೊಬ್ಬರು ಕರಡಿನಲ್ಲಿ ಹುಡುಕುವುದು, ಇವೆಲ್ಲ ಬಲ್ಲ ಓದುಗನನ್ನು ಬಲವಂತವಾಗಿ ಕಲಿಯುವ ಮಗುವಾಗಿಸುವ ದಾರಿಗಳು. ತಲೆಬರಹಕ್ಕೆ ಮಾತ್ರ ನಾವು ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಅಷ್ಟು ದೊಡ್ಡ ಅಕ್ಷರ ತಪ್ಪಿದ್ದರೆ ಕಾಣದೆ ಇರುತ್ತದೆಯೇ ಎಂಬ ಧೈರ್ಯ.

ಈ ಯುಗಾದಿಯ ದಿನ ಮೊಮ್ಮಗಳೊಂದಿಗೆ ಮತ್ತೆ ಅದೇ ದೇವಸ್ಥಾನಕ್ಕೆ ಹೋಗಿದ್ದೆ. ಆರು ತಿಂಗಳಲ್ಲಿ ಅವಳ ಓದು ಚುರುಕಾಗಿದೆ. ದಾರಿಯುದ್ದಕ್ಕೂ ಅಂಗಡಿಗಳ ಹೆಸರುಗಳನ್ನು ಓದುತ್ತಲೇ ಬಂದಳು. ಬಾಗಿಲ ಬಳಿ ನಿಂತು, ಬೆರಳಿಡದೆ, ಒಂದೇ ಉಸಿರಿಗೆ ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ’ ಎಂದು ಓದಿದಳು. ಫಲಕವನ್ನು ಯಾರೂ ತಿದ್ದಿರಲಿಲ್ಲ. ‘ಇನ್ನೊಂದು ಸಲ ಓದು ಪುಟ್ಟಿ’ ಎಂದೆ. ಅವಳು ಇನ್ನೂ ಬೇಗ, ಷ ಒತ್ತಿನ ಸಮೇತ ಓದಿ, ‘ಬಾ ತಾತ, ಪ್ರಸಾದ ಮುಗಿದುಹೋಗತ್ತೆ’ ಎನ್ನುತ್ತ ಚಪ್ಪಲಿ ಕಳಚಿ ಒಳಗೆ ಓಡಿದಳು.